ಏಡಿ ತಿಂಗಳಲ್ಲಿ ಒರೆಸುವ ದಾರಿ

ಕಟ್ಟೆಯ ನೂರ ಅರವತ್ತನೆಯ ವರ್ಷ, ಏಡಿ ತಿಂಗಳ ಮೂವತ್ತಮೂರನೆಯ ದಿನ, ಇಳಿತದ ಹೊತ್ತು.

ಹಿಂದಿನವರಿಗೆ ನಮಸ್ಕಾರ.

ಮೇಲಿನ ತಾರೀಕು ನೋಡಿ ನಗಬೇಡಿ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಎಂಬತ್ತೆರಡು, ಮೇ ತಿಂಗಳ ಕೊನೆ. ನಮ್ಮಲ್ಲಿ ತಿಂಗಳು ಮುಗಿಯುವುದು ಹೊಳೆ ಮುಗಿಯಿತು ಅಂದಾಗ. ಅದಕ್ಕೆ ಮನಸ್ಸಿಲ್ಲದಿದ್ದರೆ ನಮಗೆ ಮೂವತ್ತಮೂರನೆಯ ದಿನವೂ ಬರುತ್ತದೆ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಅದಕ್ಕೆ ಕ್ಷಮೆ ಇರಲಿ, ಅರ್ಥವನ್ನು ಅಲ್ಲಲ್ಲೇ ಹೇಳುತ್ತಾ ಹೋಗುತ್ತೇನೆ. ಇನ್ನು, ಮುಂದಿನವರ ಕಾಗದ ಹಿಂದಿನವರಿಗೆ ಹೇಗೆ ಬಂತು ಅಂತ ಮಾತ್ರ ಕೇಳಬೇಡಿ. ದಿನಕ್ಕೆ ಎರಡು ಸಲ ಹೊಳೆಯೇ ಹಿಂದಕ್ಕೆ ಹರಿಯುವ ಊರು ನಮ್ಮದು. ಭರತ ಬಂದಾಗ ಕಡಲಿನ ನೀರು ಅಘನಾಶಿನಿಯ ಒಳಗೆ ಮೈಲಿಗಟ್ಟಲೆ ಏರಿ ಬರುತ್ತದೆ. ನೀರಿಗೆ ಇಲ್ಲದ ನಾಚಿಕೆ ಒಂದು ಕಾಗದಕ್ಕೆ ಎಂತಕ್ಕೆ ಇರಬೇಕು ಮಾರಾಯ್ರೆ?

ನನ್ನ ಹೆಸರು ಕುಸ್ಲಿ ಪಟಗಾರ. ವಯಸ್ಸು ಅರವತ್ತೇಳು. ಮೂಡಗಜನಿ ಕಟ್ಟೆಯ ಹಿರಿಯಾಳು ನಾನೇ. ಹಿರಿಯಾಳು ಅಂದರೆ ಅಧಿಕಾರವೇನೂ ಅಲ್ಲ. ಕಟ್ಟೆ ಸೋರಿದರೆ ಮೊದಲು ಬೈಸಿಕೊಳ್ಳುವವಳು ಅಂತ. ಗಜನಿ ನಿಮಗೆ ಗೊತ್ತಿರಬಹುದು. ಉಪ್ಪುನೀರಿನ ಪಕ್ಕದ ತಗ್ಗು ಗದ್ದೆ, ನೀರು ತಡೆಯಲಿಕ್ಕೆ ಸುತ್ತ ಮಣ್ಣಿನ ಕಟ್ಟೆ, ಒಳಗೆ ಕಗ್ಗ ಅನ್ನುವ ಉಪ್ಪಿಗೆ ಹೆದರದ ಕೆಂಪು ಭತ್ತ. ಆ ಕಟ್ಟೆಯ ನೆತ್ತಿಯ ಮೇಲೆ ಹತ್ತೊಂಬತ್ತು ಮೈಲಿ ಉದ್ದದ ಸೈಕಲ್ ದಾರಿ ಇದೆ. ಇಪ್ಪತ್ತೆರಡು ತಿರುವು, ಒಂದೇ ಒಂದು ಏರು ಇಲ್ಲ. ನೂರ ಅರವತ್ತು ವರ್ಷದಿಂದ ಅದರ ಮೇಲೆ ಎಂಜಿನ್ ಇರುವ ಯಾವುದೂ ಹತ್ತಿಲ್ಲ, ಹತ್ತಲು ನಾವು ಬಿಟ್ಟಿಲ್ಲ. ಇನ್ನು ಮೂರು ದಿನಕ್ಕೆ ಅದು ಉಳಿಯುತ್ತದೋ ಇಲ್ಲವೋ ಅಂತ ತೀರ್ಮಾನವಾಗುತ್ತದೆ. ತಪ್ಪು ನನ್ನಿಂದಲೇ ಆಗಿದೆ. ಅದನ್ನು ಸರಿಪಡಿಸಲು ನೀವು ಬೇಕು. ಅದಕ್ಕೇ ಈ ಕಾಗದ.

ಮೊದಲು ದಾರಿ ಹೇಗಿದೆ ಅಂತ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಮಳೆ ಮುಗಿದು ಕಟ್ಟೆ ಒಣಗಿದ ಮೇಲೆ ನಮ್ಮಲ್ಲಿಗೆ ತುಳಿನೆಂಟರು ಬರುತ್ತಾರೆ. ಸೈಕಲ್ ತುಳಿದುಕೊಂಡು ಬರುವ ನೆಂಟರಿಗೆ ನಮ್ಮ ಹೆಸರು ಅದು. ಧಾರವಾಡದಿಂದ ಬರುತ್ತಾರೆ, ಹಾಸನದಿಂದ ಬರುತ್ತಾರೆ, ಒಂದು ಸಲ ಎಂಬತ್ತು ದಾಟಿದ ಗಂಡ ಹೆಂಡತಿ ಒಂದೇ ಸೈಕಲ್ಲಿನಲ್ಲಿ ಜಗಳವಾಡುತ್ತಾ ಬಂದಿದ್ದರು. ಬೆಳಿಗ್ಗೆ ಗಾಳಿ ಬೆಟ್ಟದ ಕಡೆಯಿಂದ ಬೀಸುತ್ತದೆ, ಆಗ ಪಡುವಣಕ್ಕೆ ಹೊರಟರೆ ಬೆನ್ನು ತಳ್ಳಿಸಿಕೊಂಡು ಕಡಲಬಾಯಿ ಮುಟ್ಟಬಹುದು. ಮಧ್ಯಾಹ್ನದ ಮೇಲೆ ಗಾಳಿ ಕಡಲಿಂದ ತಿರುಗುತ್ತದೆ, ಅದೇ ಗಾಳಿ ನಿಮ್ಮನ್ನು ಮನೆಗೆ ತಂದುಬಿಡುತ್ತದೆ. ಎದ್ದದ್ದು ತಡವಾದವನಿಗೆ ಎರಡೂ ಕಡೆ ಎದುರುಗಾಳಿ ಅಂತ ನಮ್ಮಲ್ಲಿ ಗಾದೆ ಇದೆ, ಸೋಮಾರಿ ಅಳಿಯಂದಿರಿಗೆ ಹೇಳಲಿಕ್ಕೆ ಬಹಳ ಉಪಯೋಗ. ಕಟ್ಟೆಯ ಮೇಲೆ ಇಬ್ಬರು ಎದುರುಬದುರಾದರೆ ಗಾಳಿಗೆ ಎದೆಕೊಟ್ಟು ಬರುವವನಿಗೆ ದಾರಿ ಬಿಡಬೇಕು, ಅವನು ಎಷ್ಟೇ ಚಿಕ್ಕವನಿರಲಿ. ಹಕ್ಕಿ ಮೊಟ್ಟೆ ಇಡುವ ತಿಂಗಳಲ್ಲಿ ಗಂಟೆ ಬಾರಿಸುವ ಹಾಗಿಲ್ಲ, ಕೆಮ್ಮಬೇಕು. ಪರವೂರಿನವರು ಮೊದಲ ದಿನ ನಮ್ಮ ಊರಿಗೇ ನೆಗಡಿ ಬಡಿದಿದೆ ಅಂದುಕೊಂಡು ಮೂಗು ಮುಚ್ಚಿಕೊಳ್ಳುತ್ತಾರೆ, ಎರಡನೆಯ ದಿನ ಅವರೂ ಕೆಮ್ಮುತ್ತಾರೆ.

ಎಡಕ್ಕೆ ಕಾಂಡ್ಲಾ ಗಿಡಗಳು ಉಪ್ಪುಕೆಸರಲ್ಲಿ ಬೇರೂರಿ ನಿಂತಿರುತ್ತವೆ. ಬಲಕ್ಕೆ ಕಣ್ಣು ಹೋಗುವಷ್ಟು ದೂರ ಗದ್ದೆ. ನಾವು ಕಗ್ಗದ ತೆನೆಯನ್ನಷ್ಟೇ ಕೊಯ್ಯುತ್ತೇವೆ, ಹುಲ್ಲು ನೀರಲ್ಲೇ ನಿಲ್ಲುತ್ತದೆ. ಅದರೊಳಗೆ ಸಿಗಡಿ, ಸಿಗಡಿಗೆ ಮೀನು, ಮೀನಿಗೆ ಬೆಳ್ಳಕ್ಕಿ ಮತ್ತು ನೀರುಕಾಗೆ. ಹನ್ನೊಂದನೆಯ ತಿರುವಿನಲ್ಲಿ ಕಾಲು ನೆಲಕ್ಕೂರಿ ಸುಮ್ಮನೆ ನಿಂತರೆ ಏನೂ ಕೇಳುವುದಿಲ್ಲ ಅಂತ ಹೊಸಬರು ಹೇಳುತ್ತಾರೆ. ಸುಳ್ಳು. ತೂಬಿನ ಹಲಗೆ ಸಂದಿಯಲ್ಲಿ ನೀರು ನುಸುಳುವುದು ಕೇಳುತ್ತದೆ, ಕೆಸರಲ್ಲಿ ಬಳಚು ಅನ್ನುವ ಚಿಪ್ಪುಜೀವಿ ಬಾಯಿ ಮುಚ್ಚುವುದು ಕೇಳುತ್ತದೆ, ಸ್ವಂತ ಉಸಿರು ಕೇಳುತ್ತದೆ. ಸಂಜೆ ಯಾರ ಮನೆಯ ಅಂಗಳದಲ್ಲಿ ಸೈಕಲ್ ಒರಗಿಸಿದರೂ ಅವರಿಗೆ ಕಗ್ಗದ ಗಂಜಿ, ಬಳಚಿನ ಪಲ್ಯ ಸಿಗುತ್ತದೆ. ಬದಲಿಗೆ ನಾವು ಕೇಳುವುದು ಒಂದೇ: ಹೊರಡುವಾಗ ಹಿಡಿ ಮಣ್ಣು ಚೀಲದಲ್ಲಿ ಹಾಕಿಕೊಳ್ಳಿ, ದಾರಿಯಲ್ಲಿ ಏಡಿ ಬಿಲ ಕಂಡರೆ ಇಳಿದು ತುಂಬಿ, ಹಿಮ್ಮಡಿಯಲ್ಲಿ ತುಳಿಯಿರಿ.

ಏಡಿಯ ವಿಷಯ ಬಂತು. ನಮ್ಮ ಕಟ್ಟೆಗೆ ಶತ್ರು ಕಡಲಲ್ಲ. ಕಡಲು ಹೇಳಿ ಬರುತ್ತದೆ, ಹೇಳಿ ಹೋಗುತ್ತದೆ. ಶತ್ರು ಏಡಿ. ಕಿರುಬೆರಳಿನಷ್ಟು ಬಿಲ ತೋಡಿಟ್ಟು ಹೋಗುತ್ತದೆ, ಹುಣ್ಣಿಮೆಯ ಭರತ ಬಂದಾಗ ಆ ಬಿಲದಲ್ಲಿ ನೀರು ನುಗ್ಗಿ ಮಾರುಗಟ್ಟಲೆ ಕಟ್ಟೆ ಕೊಚ್ಚಿಕೊಂಡು ಹೋಗುತ್ತದೆ. ಸೈಕಲ್ಲಿನ ಗುರುತು, ಕಾಲಿನ ಗುರುತು, ದನದ ಗೊರಸು ಇರುವ ಮಣ್ಣಿನಲ್ಲಿ ಬಿಲ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಮಳೆಗಾಲದ ಮುಂಚೆ, ಏಡಿ ತಿಂಗಳಲ್ಲಿ, ಊರಿಗೆ ಊರೇ ಕಟ್ಟೆ ಹತ್ತಿ ಒರೆಸುತ್ತದೆ. ತೆಳುವಾದ ಕೆಸರು ಕಲಸಿ, ತೆಂಗಿನ ಗರಿ ಎಳೆದು, ಹತ್ತೊಂಬತ್ತು ಮೈಲಿಯನ್ನೂ ಅಂಗಳ ಸಾರಿಸಿದ ಹಾಗೆ ನುಣ್ಣಗೆ ಮಾಡುತ್ತೇವೆ. ಮರುದಿನ ಬೆಳಿಗ್ಗೆ ಯಾವ ಏಡಿ ಎಲ್ಲಿ ತೋಡಿದೆ ಅಂತ ಅಲ್ಲಲ್ಲೇ ಕಾಣುತ್ತದೆ. ಒರೆಸುವಾಗ ನಮ್ಮ ನಮ್ಮ ಗುರುತನ್ನು ನಾವೇ ಒರೆಸಬೇಕು ಅನ್ನುವುದು ಪದ್ಧತಿ. ಒಂದು ವರ್ಷದ ಸವಾರಿಯೆಲ್ಲ ಒಂದು ವಾರದಲ್ಲಿ ಮಾಯ. ಅದರಲ್ಲಿ ನಮಗೆ ಹೆಮ್ಮೆ ಇತ್ತು, ಈಗಲೂ ಇದೆ.

ಈಗ ನನ್ನ ತಪ್ಪಿನ ಕಥೆ. ಹೋದ ವರ್ಷ ದಾರಿ ಇಲಾಖೆಯಿಂದ ಒಬ್ಬ ಅಧಿಕಾರಿ ಬರುತ್ತಾನೆ ಅಂತ ಸುದ್ದಿ ಬಂತು. ಹೆಸರು ಋತಧ್ವಜ. ಹೆಸರು ಕೇಳಿದರೆ ತಲೆ ಮೇಲೆ ಕಿರೀಟ ಇರಬೇಕು ಅನಿಸುತ್ತದೆ, ನೋಡಿದರೆ ತೆಳ್ಳಗಿನ ಹುಡುಗ, ಬಿಳಿ ಬೂಟು. ನಮ್ಮ ಕಟ್ಟೆಯ ಮೇಲೆ ಗಟ್ಟಿ ದಾರಿ ಹಾಸಿ ತಾನೋಡಿ ಬಿಡಬೇಕು ಅಂತ ಅವರ ಯೋಜನೆ. ತಾನೋಡಿ ಅಂದರೆ ಓಡಿಸುವವನಿಲ್ಲದೆ ತಾನೇ ಓಡುವ ಗಾಡಿ. ನಿಮ್ಮ ಕಾಲದಲ್ಲಿ ಅದರ ಮರಿಗಳು ಇದ್ದವಂತೆ, ಈಗ ಮನೆಯಷ್ಟು ದೊಡ್ಡವು ಸಾಲುಗಟ್ಟಿ ಹೋಗುತ್ತವೆ. ಆದರೆ ನಮ್ಮ ಪರವಾಗಿ ಒಂದು ಕಾನೂನಿದೆ, ನಡೆಹಕ್ಕು ಅಂತ. ಒಂದು ದಾರಿಯಲ್ಲಿ ನೂರ ಐವತ್ತು ವರ್ಷದಿಂದ ಕಾಲು ಮತ್ತು ತುಳಿಗಾಲಿ ಮಾತ್ರ ಓಡಾಡಿದ್ದರೆ ಅದನ್ನು ಯಾವ ಇಲಾಖೆಯೂ ಮುಟ್ಟುವ ಹಾಗಿಲ್ಲ. ನಮಗೇನು ಭಯ, ಬಂದು ನೋಡಲಿ ಅಂದೆ ನಾನು. ಅಷ್ಟೇ ಅಲ್ಲ, ಒರೆಸಿದ ಮರುದಿನವೇ ಬರಲಿ ಅಂತ ಹೇಳಿ ಕಳಿಸಿದೆ. ನೆಂಟರು ಬರುತ್ತಾರೆ ಅಂದರೆ ಯಾರಾದರೂ ಗುಡಿಸದ ಮನೆ ತೋರಿಸುತ್ತಾರೆಯೇ? ಆ ವರ್ಷ ನಾವು ಒರೆಸಿದಷ್ಟು ಚಂದ ಯಾವತ್ತೂ ಒರೆಸಿರಲಿಲ್ಲ. ಕನ್ನಡಿ ಬೇಡ, ಮುಖ ನೋಡಿಕೊಳ್ಳಬಹುದಿತ್ತು.

ಅವನು ಬಂದ, ನೋಡಿದ, ಚಂದ ಇದೆ ಅಮ್ಮಾ ಅಂದ. ನಾನು ಉಬ್ಬಿಹೋದೆ. ಹದಿನೈದು ದಿನಕ್ಕೆ ವರದಿ ಬಂತು. ಹತ್ತೊಂಬತ್ತು ಮೈಲಿ ಪರಿಶೀಲಿಸಲಾಯಿತು, ಬಳಕೆಯ ಗುರುತು ಎಲ್ಲಿಯೂ ಕಂಡುಬರಲಿಲ್ಲ, ಇದು ಯಾರೂ ಓಡಾಡದ ಖಾಲಿ ಕಟ್ಟೆ, ಅಂತ.

ಮಾಡಿದ್ದುಣ್ಣೋ ಮಹಾರಾಯ. ಆ ವರದಿಯನ್ನು ಓದಿದ ದಿನ ನಾನು ಅನ್ನ ಮುಟ್ಟಲಿಲ್ಲ. ನೂರ ಅರವತ್ತು ವರ್ಷ ನಾವು ಒಪ್ಪವಾಗಿ ಇಟ್ಟದ್ದನ್ನೇ ಅವರು ನಾವಿಲ್ಲ ಅನ್ನುವುದಕ್ಕೆ ಆಧಾರ ಮಾಡಿಕೊಂಡರು. ಕರೆದವಳು ನಾನು, ದಿನ ಗೊತ್ತುಮಾಡಿದವಳು ನಾನು. ನಾನೇ ಇಲಾಖೆಗೆ ಹೋಗಿ ಕೂತೆ. ಊರವರೆಲ್ಲ ಬಂದು ಹೇಳುತ್ತೇವೆ ಅಂದೆ. ಊರವರ ಬಾಯಿಮಾತು ಸಾಕ್ಷಿಯಲ್ಲ, ಅವರಿಗೆ ಸ್ವಾರ್ಥ ಇರುತ್ತದೆ ಅಂದ ಋತಧ್ವಜ. ನಮ್ಮ ಅಜ್ಜಿ ಹೇಳುತ್ತಿದ್ದ ಕಥೆ ಹೇಳಿದೆ: ನಿಮ್ಮ ಕಾಲದಲ್ಲಿ ಒಬ್ಬ ಹೆಂಗಸು ಬಳಚಿನ ಚೀಲವನ್ನು ಹ್ಯಾಂಡಲಿಗೆ ಕಟ್ಟಿಕೊಂಡು ಮೊದಲ ಸಲ ಕಟ್ಟೆ ಮೇಲೆ ಸೈಕಲ್ ತುಳಿದಳಂತೆ, ಕಟ್ಟೆ ಹತ್ತಲು ಬಂದ ಬೈಕಿನವನಿಗೆ ಅದೇ ಚೀಲದಲ್ಲಿ ಬೀಸಿ ಹೊಡೆದಳಂತೆ. ಅವನು ನಕ್ಕ. ಕಥೆ ಬೇಡ, ಪರವೂರಿನವರು ಯಾರಾದರೂ ಆ ಕಾಲದಲ್ಲಿ ಈ ಕಟ್ಟೆ ಮೇಲೆ ತುಳಿದು, ತಾರೀಕು ಹಾಕಿ, ತಮ್ಮ ಕೈಯಲ್ಲಿ ಬರೆದಿಟ್ಟದ್ದು ಇದೆಯೇ ಅಂದ. ಇದ್ದರೆ ಒಂದು ಹಾಳೆ ಸಾಕು ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ನಾನು ಎದ್ದು ಹೊರಡುವಾಗ ಅವನು ಇನ್ನೊಂದು ಮಾತು ಸೇರಿಸಿದ: ಇರಲಾರದು ಅಮ್ಮಾ, ಆ ಕಾಲದವರು ಗಾಡಿಯಲ್ಲೇ ಹುಟ್ಟಿ ಗಾಡಿಯಲ್ಲೇ ಸತ್ತವರು, ಅವರಿಗೆ ಕಟ್ಟೆ ಎಲ್ಲಿ ಕಂಡೀತು, ಅಂತ.

ಏ ತಮಾ, ನಾಲಿಗೆ ಬಿಗಿ ಹಿಡಿ ಅಂದುಬಿಟ್ಟೆ. ನಿಮ್ಮನ್ನು ಬೈಯುವ ಹಕ್ಕು ನಮಗಿದೆ, ನೀವು ಬಿಟ್ಟುಹೋದ ಕಸ ಹೆಕ್ಕಿದವರು ನಾವು. ಬೇಕಾದಷ್ಟು ಬೈದಿದ್ದೇವೆ. ಆದರೆ ಅವನಿಗೆ ಆ ಹಕ್ಕಿಲ್ಲ. ನಿಮ್ಮಲ್ಲಿ ಒಬ್ಬರಾದರೂ ಬಂದಿರಬೇಕು. ಗಾಡಿಯ ಸದ್ದಿಗೆ ತಲೆ ಚಿಟ್ಟು ಹಿಡಿದು, ಬಾಡಿಗೆ ಸೈಕಲ್ಲೋ ಸ್ವಂತದ್ದೋ ಹಿಡಿದು, ಕಾಂಡ್ಲಾ ಪಕ್ಕದಲ್ಲಿ ಕಾಲೂರಿ ನಿಂತವರು ಒಬ್ಬರಾದರೂ ಇರಬೇಕು. ಹಾಗಂತ ನಾನು ಅವನ ಮೇಜಿಗೆ ಗುದ್ದಿ ಹೇಳಿ ಬಂದಿದ್ದೇನೆ. ನನ್ನ ಮಾನ ಈಗ ನಿಮ್ಮ ಕೈಯಲ್ಲಿದೆ.

ಅವರ ವಾದವನ್ನೂ ಹೇಳಿಬಿಡುತ್ತೇನೆ, ನಾಳೆ ಕುಸ್ಲಿ ಅರ್ಧ ಮುಚ್ಚಿಟ್ಟಳು ಅನ್ನಬಾರದು. ಮುದುಕರಿಗೆ, ರೋಗಿಗಳಿಗೆ ಗಾಡಿ ಬೇಡವೇ ಅಂತ ಕೇಳುತ್ತಾರೆ. ಬೇಕು. ನಮ್ಮಲ್ಲಿ ದೋಣಿ ಇದೆ, ಆದರೆ ಇಳಿತದಲ್ಲಿ ದೋಣಿ ಕೆಸರಿಗೆ ಕೂರುತ್ತದೆ. ಒಂಬತ್ತು ವರ್ಷದ ಕೆಳಗೆ ನನ್ನ ಸೊಸೆಗೆ ಇಳಿತದ ಹೊತ್ತಿನಲ್ಲೇ ಹೆರಿಗೆ ನೋವು ಬಂತು, ನಾಲ್ಕು ಸೈಕಲ್ಲಿಗೆ ಮಂಚ ಕಟ್ಟಿ ಆರು ಮೈಲಿ ತಳ್ಳಿಕೊಂಡು ಹೋದೆವು. ಆ ಆರು ಮೈಲಿ ನಾನು ಎಲ್ಲ ದೇವರಿಗೂ ಬೈದಿದ್ದೇನೆ, ಕಟ್ಟೆಗೂ ಬೈದಿದ್ದೇನೆ. ಮೊಮ್ಮಗಳು ಕ್ಷೇಮವಾಗಿ ಹುಟ್ಟಿದಳು, ಆದರೂ ಆ ಹೆದರಿಕೆ ಸುಳ್ಳಲ್ಲ. ಆದರೆ ಇಲಾಖೆ ತರುತ್ತಿರುವುದು ರೋಗಿಯ ಗಾಡಿಯಲ್ಲ, ಬಂದರಿನ ಸರಕಿನ ಗಾಡಿ, ದಿನಕ್ಕೆ ನಾನೂರು. ಆ ನಡುಕಕ್ಕೆ ಮಣ್ಣಿನ ಕಟ್ಟೆ ಎರಡು ಮಳೆಗಾಲ ತಡೆಯಲಾರದು. ಕಟ್ಟೆ ಹೋದರೆ ಗದ್ದೆ ಹೋಯಿತು, ಗದ್ದೆ ಹೋದರೆ ಮೊಮ್ಮಗಳಿಗೆ ನಾವು ಏನು ಉಣ್ಣಿಸುವುದು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇನ್ನು ಮೂರು ದಿನಕ್ಕೆ ಅಧಿಕಾರಿ ಮತ್ತೆ ಬರುತ್ತಾನೆ, ಇದೇ ಕೊನೆಯ ಪರಿಶೀಲನೆ. ಈ ಸಲ ದಿನ ಗೊತ್ತುಮಾಡಿದವರು ಅವರು, ಸರಿಯಾಗಿ ಒರೆಸುವ ವಾರದಲ್ಲೇ. ಬೇಕಂತಲೇ ಮಾಡಿದರೋ ಇಲ್ಲವೋ ದೇವರಿಗೇ ಗೊತ್ತು. ಕಟ್ಟೆಯ ಮೇಲೆ ಈಗ ಈ ವರ್ಷದ ಗುರುತೆಲ್ಲ ಇದೆ, ಸಾವಿರಾರು ಗಾಲಿಯ ಗೆರೆ ಒಂದರ ಮೇಲೊಂದು. ಹಮ್ಮಣ್ಣ ಅಂಬಿಗ ಅಂತ ನನ್ನ ಜೊತೆಯವನೊಬ್ಬ ಇದ್ದಾನೆ, ದೋಣಿ ಅವನದ್ದೇ, ಸೊಂಟ ಹಿಡಿದ ಮೇಲೆ ಮೂರು ಗಾಲಿಯ ಸೈಕಲ್ಲೂ ಅವನದ್ದೇ. ಅವನು ಬಂದು, ಕುಸ್ಲಕ್ಕಾ, ಈ ಸಲ ಒರ್ಸುದು ಬ್ಯಾಡ, ಗುರ್ತು ಹಂಗೇ ಇರ್ಲಿ, ಅವ ಕಣ್ಣಾರೆ ನೋಡ್ಲಿ, ಒಂದ್ ವರ್ಷ ಬಿಟ್ರೆ ಎಂತ ಆಗ್ತದೆ ಅಂದ. ಊರಲ್ಲಿ ಅರ್ಧ ಜನ ಅವನ ಕಡೆ. ನಾನೂ ಒಪ್ಪಿದೆ ಅಂತಲೇ ಹೇಳಬೇಕು. ತಪ್ಪು ಮಾಡಿದವಳ ಮಾತಿಗೆ ಎಷ್ಟು ಬೆಲೆ? ಈ ಸಲ ಒರೆಸದೆ ಬಿಡುವುದು ಅಂತ ತೀರ್ಮಾನಿಸಿದೆವು, ನೋಡೋಣ ಅಂತ.

ಐದನೆಯ ದಿನ ಹುಣ್ಣಿಮೆ. ಬೆಳಗಿನ ಭರತಕ್ಕೆ ಹನ್ನೊಂದನೆಯ ತಿರುವಿಗೂ ಹನ್ನೆರಡಕ್ಕೂ ನಡುವೆ ಕಟ್ಟೆ ಒಡೆಯಿತು. ಗಾಲಿಗೆರೆಗಳ ನಡುವೆ ಒಂದು ಬಿಲ ಇತ್ತಂತೆ, ದಿನಾ ಇನ್ನೂರು ಜನ ಅದರ ಪಕ್ಕದಲ್ಲೇ ತುಳಿದು ಹೋಗಿದ್ದೇವೆ, ಒಬ್ಬರಿಗೂ ಕಾಣಲಿಲ್ಲ. ನಾವು ಓಡಿ ಹೋಗುವಷ್ಟರಲ್ಲಿ ಎರಡು ಮಾರು ಬಾಯಿ ಬಿಟ್ಟಿತ್ತು. ಉಪ್ಪುನೀರು ಬಿತ್ತನೆಗೆ ಹದ ಮಾಡಿಟ್ಟ ಗದ್ದೆಗೆ ನುಗ್ಗುತ್ತಿತ್ತು. ಸೈಕಲ್ ಚೀಲಗಳಲ್ಲಿ ಮಣ್ಣು ತುಂಬಿ ತಂದು ಸುರಿದೆವು. ತುಳಿನೆಂಟರು ಏಳು ಜನ ಇದ್ದರು, ಅವರೂ ಕುತ್ತಿಗೆಮಟ್ಟ ನೀರಲ್ಲಿ ಕೈ ಕೈ ಹಿಡಿದು ನಿಂತರು. ಮಣ್ಣು ನಿಲ್ಲದೆ ಹೋದಾಗ ಹಮ್ಮಣ್ಣ ತನ್ನ ಮೂರು ಗಾಲಿಯ ಸೈಕಲ್ಲನ್ನೇ ಆ ಬಾಯಿಗೆ ಉರುಳಿಸಿದ. ಅದು ಈಗಲೂ ಕಟ್ಟೆಯ ಹೊಟ್ಟೆಯಲ್ಲಿದೆ, ಒಂದು ಹ್ಯಾಂಡಲ್ ಮಾತ್ರ ಹೊರಗೆ ಕಾಣುತ್ತದೆ. ಮೂರು ಗದ್ದೆ ಈ ವರ್ಷಕ್ಕೆ ಹೋಯಿತು. ಅದರಲ್ಲಿ ಒಂದು ಅವನದ್ದೇ. ದಡಕ್ಕೆ ಹತ್ತಿ ಕೂತು ಅವನು ಅತ್ತ. ಎಪ್ಪತ್ತು ವರ್ಷದ ಗಂಡಸು ಅಳುವುದನ್ನು ನಾನು ಮೊದಲು ನೋಡಿರಲಿಲ್ಲ, ನನಗೂ ತಡೆಯಲಾಗಲಿಲ್ಲ.

ಆಮೇಲೆ ಅಲ್ಲೇ, ಕೆಸರಲ್ಲೇ ಸಭೆ ಕೂತೆವು. ನಾನು ಹೇಳಿದ್ದು ಇಷ್ಟು. ಸಾಕ್ಷಿ ಉಳಿಸಲು ಕಟ್ಟೆ ಕೊಲ್ಲುವುದಾದರೆ ಇಲಾಖೆಯವರ ಕೆಲಸವನ್ನು ನಾವೇ ಮಾಡಿಕೊಟ್ಟ ಹಾಗಾಯಿತು. ನಾವು ಒರೆಸುವವರು. ಇಲಾಖೆ ಬರಲಿ, ಇಲಾಖೆಯ ಅಪ್ಪ ಬರಲಿ, ಏಡಿ ತಿಂಗಳಲ್ಲಿ ಕಟ್ಟೆ ಒರೆಸಿಯೇ ಸಿದ್ಧ. ಗುರುತು ಇಲ್ಲ ಅಂತ ಬರೆಯುತ್ತಾನೋ, ಬರೆದುಕೊಳ್ಳಲಿ. ಹಮ್ಮಣ್ಣ ಮೂಗು ಒರೆಸಿಕೊಂಡು, ಹಂಗಾರೆ ಗರಿ ತತ್ತೆ ಅಂತ ಎದ್ದ. ನಾಳೆ ಶುರು, ಹಗಲೂ ರಾತ್ರಿ ಒರೆಸಿ ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಮುಗಿಸುತ್ತೇವೆ, ಅವನು ಬರುವ ಬೆಳಿಗ್ಗೆ ಕಟ್ಟೆ ಹೋದ ವರ್ಷಕ್ಕಿಂತ ನುಣ್ಣಗಿರುತ್ತದೆ.

ಈಗ ನೀವು. ನಮ್ಮ ಗುರುತು ಒರೆಸುವುದು ನಮ್ಮ ಕೈಯಲ್ಲಿದೆ, ನಿಮ್ಮದನ್ನು ಒರೆಸಲು ನಮ್ಮ ಗರಿ ಅಷ್ಟು ಹಿಂದಕ್ಕೆ ಮುಟ್ಟುವುದಿಲ್ಲ. ಆದ್ದರಿಂದ ಬನ್ನಿ. ನಿಮ್ಮ ಕಾಲದ ಕಟ್ಟೆ ಇಷ್ಟು ಉದ್ದ ಇರಲಿಕ್ಕಿಲ್ಲ, ಅಲ್ಲಲ್ಲಿ ಕುಸಿದಿರಬಹುದು, ಇಳಿದು ತಳ್ಳಬೇಕಾದೀತು. ತಳ್ಳಿ. ಮಳೆ ಮುಗಿದ ಮೇಲೆ ಬನ್ನಿ, ಬೆಳಿಗ್ಗೆ ಬೇಗ ಏಳಿ, ಗಾಳಿ ಬೆನ್ನಿಗಿರಲಿ. ಒಂದು ಕಡೆ ಕಾಲೂರಿ ನಿಂತು ನೀರಿನ ಸದ್ದು ಕೇಳಿ. ಮನೆಗೆ ಹೋಗಿ ಬರೆಯಿರಿ: ಈ ದಿನ, ಈ ತಾರೀಕು, ಇಂಥ ಊರಿನ ಇಂಥವನು ಅಥವಾ ಇಂಥವಳು ಗಜನಿ ಕಟ್ಟೆಯ ಮೇಲೆ ಸೈಕಲ್ ತುಳಿದೆ, ಎದುರಿಗೆ ಒಂದೂ ಗಾಡಿ ಬರಲಿಲ್ಲ. ಅಕ್ಷರ ಸೊಟ್ಟಗಿದ್ದರೂ ಸರಿ. ಮದುವೆ ಕರೆಯೋಲೆಯ ಬೆನ್ನ ಮೇಲಾದರೂ ಸರಿ. ಟ್ರಂಕಿನ ತಳದಲ್ಲಿ, ಹಳೆಯ ಪುಸ್ತಕದ ನಡುವೆ, ಮಕ್ಕಳು ಎಸೆಯಲು ಮನಸ್ಸು ಮಾಡದ ಕಡೆ ಇಡಿ. ಹುಡುಕುವ ಕೆಲಸ ನಮ್ಮದು, ಜಪ್ಪಯ್ಯ ಅಂದರೂ ಬಿಡದೆ ಹುಡುಕುತ್ತೇವೆ. ಬೈಕಿನವರು ಯಾರಾದರೂ ಹತ್ತಲು ಬಂದರೆ ಬಳಚಿನ ಚೀಲದ ನೆನಪಿರಲಿ.

ಇಳಿತ ಮುಗಿಯುತ್ತಾ ಬಂತು, ಕಾಗದವನ್ನು ಭರತದ ಕೈಗೆ ಕೊಡುವ ಹೊತ್ತು. ಮೂರನೆಯ ದಿನ ನಾನು ನನ್ನ ಸೈಕಲ್ಲಿನ ಗುರುತನ್ನು ಎಲ್ಲರಿಗಿಂತ ಕೊನೆಗೆ ಒರೆಸಿ, ಕಟ್ಟೆಯ ತಲೆಯಲ್ಲಿ ಸೈಕಲ್ ಅಡ್ಡ ಮಲಗಿಸಿ ನಿಂತಿರುತ್ತೇನೆ. ಅಧಿಕಾರಿ ಬಿಳಿ ಬೂಟು ಹಾಕಿಕೊಂಡು ಬಂದು, ಇಲ್ಲಿ ಯಾರು ಓಡಾಡಿದ್ದಾರೆ ತೋರಿಸಿ ಅನ್ನುತ್ತಾನೆ. ಆಗ ನನ್ನ ಕೈಯಲ್ಲಿ ನಿಮ್ಮ ಒಂದು ಹಾಳೆ ಇರಲಿ. ಅದಿಲ್ಲದಿದ್ದರೆ ಕೆಸರಿರುತ್ತದೆ. ಯಾವುದಿದ್ದರೂ ನಾನು ಕಟ್ಟೆಯಿಂದ ಇಳಿಯುವುದಿಲ್ಲ.

ಕುಸ್ಲಿ ಪಟಗಾರ
ಮೂಡಗಜನಿ ಕಟ್ಟೆ